ಒಂದು ಸ್ವರವೂ ಬದಲಾಗಲಿಲ್ಲ, ಅಂಕ ಬದಲಾಯಿತು

ಪಿಚ್‌ಫೋರ್ಕ್ ಎಂಬ ಸಂಗೀತ ವಿಮರ್ಶೆಯ ತಾಣ 1998ರಲ್ಲಿ ಒಂದು ಆಲ್ಬಮ್‌ಗೆ 10ಕ್ಕೆ 8.7 ಅಂಕ ಕೊಟ್ಟಿತು. 2005ರಲ್ಲಿ ಅದೇ ಆಲ್ಬಮ್ ಬ್ರಿಟನ್ನಿನಲ್ಲಿ ಮರುಬಿಡುಗಡೆಯಾದಾಗ ಅದೇ ತಾಣ 10ಕ್ಕೆ 10 ಕೊಟ್ಟಿತು. ನಡುವೆ ಏಳು ವರ್ಷ ಕಳೆದಿತ್ತು. ಹಾಡುಗಳು ಅವೇ, ದನಿ ಅದೇ, ಕರ್ಕಶ ಅಂತ ಕೆಲವರು ದೂರಿದ ಗಿಟಾರ್ ಕೂಡ ಅದೇ.

ಆಲ್ಬಮ್‌ನ ಹೆಸರು ‘ಇನ್ ದಿ ಏರೋಪ್ಲೇನ್ ಓವರ್ ದಿ ಸೀ’. ಬ್ಯಾಂಡ್ ಅಮೆರಿಕದ ನ್ಯೂಟ್ರಲ್ ಮಿಲ್ಕ್ ಹೋಟೆಲ್. 1998ರ ಫೆಬ್ರವರಿ 10ರಂದು ಹೊರಬಂತು. ಹನ್ನೊಂದು ಟ್ರ್ಯಾಕ್, ಹತ್ತಿರ ಹತ್ತಿರ 40 ನಿಮಿಷ. ದೊಡ್ಡ ಕಂಪನಿಗಳ ಹಂಗಿಲ್ಲದ ಸ್ವತಂತ್ರ (ಇಂಡೀ) ರಾಕ್ ಸಂಗೀತದ ಬಗ್ಗೆ ಮಾತು ಬಂದಲ್ಲೆಲ್ಲ ಇಂದು ಈ ಹೆಸರು ಬಂದೇ ಬರುತ್ತದೆ. ಆದರೆ ಬಂದ ವರ್ಷ ಇದು ದೊಡ್ಡ ಸುದ್ದಿಯೇನೂ ಆಗಿರಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಈ ಆಲ್ಬಮ್ ಅಂದರೆ ಪ್ರಾಣ. ಆದರೆ ಮೊದಲ ಸಲ ಕೇಳಿದಾಗ ಎರಡನೇ ಟ್ರ್ಯಾಕಿಗೇ ನಿಲ್ಲಿಸಿದ್ದೆ. ಈ ಹಾಡುಗಾರ ಯಾಕೆ ಹೀಗೆ ಕಿರುಚುತ್ತಾನೆ ಅನ್ನಿಸಿತ್ತು. ಅದಕ್ಕೇ ಮೊದಲ ವಿಮರ್ಶಕರನ್ನು ದಡ್ಡರು ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಅವರು ಕೇಳಿದ್ದು ಸುಳ್ಳಲ್ಲ. ನಂತರ ಬಂದವರು ಹೊಗಳಿದ್ದೂ ಹೆಚ್ಚುಕಡಿಮೆ ಅವೇ ಗುಣಗಳನ್ನು. ಈ ಪ್ರಕರಣದಲ್ಲಿ ನನ್ನನ್ನು ಹಿಡಿದಿಟ್ಟಿರುವುದು ಇದೇ. ಕುಂದು ಅಂತ ಬರೆದದ್ದೇ ಕೆಲವೇ ವರ್ಷಗಳಲ್ಲಿ ಹಿರಿಮೆ ಆಯಿತು.

ಯಾರು ಮಾಡಿದ್ದು

ಲೂಯಿಸಿಯಾನಾ ರಾಜ್ಯದಲ್ಲಿ ರಸ್ಟನ್ ಎಂಬ ಚಿಕ್ಕ ಊರಿದೆ. ಜೆಫ್ ಮ್ಯಾಂಗಮ್, ರಾಬರ್ಟ್ ಷ್ನೈಡರ್, ಬಿಲ್ ಡಾಸ್, ವಿಲ್ ಕಲನ್ ಹಾರ್ಟ್ ಅಲ್ಲಿ ಓದುವ ಕಾಲದಿಂದಲೂ ಗೆಳೆಯರು. ಮನೆಯಲ್ಲೇ ಹಾಡು ಕಟ್ಟಿ, ಕ್ಯಾಸೆಟ್ಟಿಗೆ ತುಂಬಿ, ಒಬ್ಬರಿಗೊಬ್ಬರು ಕೊಡುತ್ತಿದ್ದರು. ಈ ಕೊಡುಕೊಳ್ಳುವಿಕೆಯೇ ಮುಂದೆ ಎಲಿಫೆಂಟ್ 6 ಎಂಬ ಬಳಗವಾಯಿತು. ಷ್ನೈಡರ್‌ನ ಬ್ಯಾಂಡ್ ದಿ ಆಪಲ್ಸ್ ಇನ್ ಸ್ಟೀರಿಯೊ. ಡಾಸ್ ಮತ್ತು ಹಾರ್ಟ್ ಸೇರಿ ಕಟ್ಟಿದ್ದು ದಿ ಒಲಿವಿಯಾ ಟ್ರೆಮರ್ ಕಂಟ್ರೋಲ್. ಮ್ಯಾಂಗಮ್‌ನದು ನ್ಯೂಟ್ರಲ್ ಮಿಲ್ಕ್ ಹೋಟೆಲ್.

1996ರಲ್ಲಿ ಮೊದಲ ಆಲ್ಬಮ್ ‘ಆನ್ ಏವರಿ ಐಲೆಂಡ್’ ಬಂತು. ಅದು ಬಹುಪಾಲು ಮ್ಯಾಂಗಮ್ ಮತ್ತು ಷ್ನೈಡರ್ ಇಬ್ಬರೇ ಕೂತು ಮಾಡಿದ ಕೆಲಸ. ಪ್ರವಾಸಕ್ಕೆ ಬ್ಯಾಂಡ್ ಬೇಕಲ್ಲ, ಆಗ ಸೇರಿಕೊಂಡವರು ಡ್ರಮ್ಸ್‌ಗೆ ಜೆರೆಮಿ ಬಾರ್ನ್ಸ್, ತುತ್ತೂರಿ ಜಾತಿಯ ವಾದ್ಯಗಳಿಗೆ ಸ್ಕಾಟ್ ಸ್ಪಿಲೇನ್, ಉಳಿದ ಎಲ್ಲದಕ್ಕೂ ಜೂಲಿಯನ್ ಕಾಸ್ಟರ್. ಕಾಸ್ಟರ್‌ನ ಅಜ್ಜಿ ಮನೆಯ ನೆಲಮಾಳಿಗೆಯಲ್ಲಿ ತಾಲೀಮು ನಡೆಯಿತು. ಎರಡನೇ ಆಲ್ಬಮ್‌ನಲ್ಲಿ ನಮಗೆ ಕೇಳುವ ಆ ಗುಂಪಿನ ಗದ್ದಲ, ಎಲ್ಲರೂ ಒಂದೇ ಸಲ ಬಾಗಿಲಲ್ಲಿ ನುಗ್ಗಿ ಬಂದ ಹಾಗಿರುವ ಆ ಸಡಗರ, ಈ ನಾಲ್ವರು ಜೊತೆಗೇ ಬದುಕಿ ಜೊತೆಗೇ ಅಲೆದದ್ದರಿಂದ ಬಂದದ್ದು.

ಹೊರತಂದದ್ದು ಮರ್ಜ್ ರೆಕಾರ್ಡ್ಸ್. ಸೂಪರ್‌ಚಂಕ್ ಬ್ಯಾಂಡಿನ ಮ್ಯಾಕ್ ಮಕಾನ್ ಮತ್ತು ಲಾರಾ ಬ್ಯಾಲನ್ಸ್ 1989ರಲ್ಲಿ ಉತ್ತರ ಕೆರೊಲಿನಾದಲ್ಲಿ ಶುರುಮಾಡಿದ ಸಣ್ಣ ಕಂಪನಿ ಅದು. ಹಿಂದಿನ ಆಲ್ಬಮ್ ಎಷ್ಟು ಹೋಗಿತ್ತು ಅಂತ ನೋಡಿ ಅವರು ಲೆಕ್ಕ ಹಾಕಿದರು. 5,500 ಸಿಡಿ, 1,600 ಎಲ್‌ಪಿ. ಅಷ್ಟೇ ಒತ್ತಿಸಿದರು. ಜಿಪುಣತನ ಅಂತ ಅಂದುಕೊಳ್ಳಬೇಡಿ. ಆ ಹೊತ್ತಿಗೆ ಅದೇ ಸರಿಯಾದ ಅಂದಾಜು.

ಡೆನ್ವರ್‌ನಲ್ಲಿ ನಡೆದದ್ದು

ಧ್ವನಿಮುದ್ರಣ ನಡೆದದ್ದು 1997ರ ಬೇಸಿಗೆಯಲ್ಲಿ, ಕೊಲೊರಾಡೊದ ಡೆನ್ವರ್ ನಗರದ ಪೆಟ್ ಸೌಂಡ್ಸ್ ಸ್ಟುಡಿಯೊದಲ್ಲಿ. ಸ್ಟುಡಿಯೊ ಅಂದರೆ ಗಾಜಿನ ಗೋಡೆಯ ದೊಡ್ಡ ಕಟ್ಟಡ ಅಲ್ಲ. ಗೆಳೆಯರೊಬ್ಬರ ಮನೆಯಲ್ಲಿ ಹೊಂದಿಸಿಕೊಂಡ ಜಾಗ. ನಿರ್ಮಾಪಕ ಷ್ನೈಡರ್. ಹಳೆಯ ಗೆಳೆಯ ಮೈಕಿನ ಆಚೆ ಕೂತಿದ್ದಾನೆ ಅನ್ನುವುದು ಇಲ್ಲಿ ಬಹಳ ಮುಖ್ಯ. ಅಪರಿಚಿತರ ಮುಂದೆ ಯಾರೂ ಹೀಗೆ ಹಾಡಲಾರರು.

ಗಿಟಾರ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಜಗಳದ ಅರ್ಧ ಅಲ್ಲೇ ಇದೆ. ಮ್ಯಾಂಗಮ್ ನುಡಿಸುವುದು ಮಾಮೂಲಿ ಅಕೌಸ್ಟಿಕ್ ಗಿಟಾರ್. ಅಕೌಸ್ಟಿಕ್ ಗಿಟಾರನ್ನು ಸಾಮಾನ್ಯವಾಗಿ ಸ್ವಚ್ಛವಾಗಿ, ಸುತ್ತ ಸ್ವಲ್ಪ ಗಾಳಿ ಬಿಟ್ಟು ಹಿಡಿಯುತ್ತಾರೆ. ಷ್ನೈಡರ್ ಮೈಕನ್ನು ಹತ್ತಿರ ತಂದ, ಬರುವ ಸಿಗ್ನಲ್ಲನ್ನು ಯಂತ್ರ ತಾಳುವುದಕ್ಕಿಂತ ಜಾಸ್ತಿ ಏರಿಸಿದ. ಹಾಗೆ ಮಾಡಿದಾಗ ಧ್ವನಿಯ ಅಲೆಯ ತುದಿ ಚಪ್ಪಟೆಯಾಗುತ್ತದೆ, ಮೂಲದಲ್ಲಿ ಇಲ್ಲದ ಸ್ವರಗಳು ಹುಟ್ಟಿಕೊಳ್ಳುತ್ತವೆ. ಮರದ ಗಿಟಾರಿಗೆ ಗಂಟಲು ಒಡೆದ ಹಾಗೆ ಕೇಳುತ್ತದೆ. ‘ಹಾಲೆಂಡ್, 1945’ ಹಾಡಿನ ಮೊದಲ ಕೆಲವು ಸೆಕೆಂಡು ಕೇಳಿ. ಗಿಟಾರ್, ಡ್ರಮ್ಸ್, ಬೇಸ್, ತುತ್ತೂರಿ ಎಲ್ಲ ಸೇರಿ ಒಂದೇ ಉರಿಯುವ ಮುದ್ದೆ. ಸ್ಪೀಕರ್ ಹಾಳಾಗಿದೆಯೋ ಅಂತ ಅನುಮಾನ ಬರುತ್ತದೆ. ಹಾಳಾಗಿಲ್ಲ. ಹಾಗೇ ಬೇಕು ಅಂತ ಮಾಡಿದ್ದು.

ಇನ್ನೊಂದು ಸದ್ದು ಗರಗಸದ್ದು. ಹೌದು, ಮರ ಕೊಯ್ಯುವ ಗರಗಸ. ಕಾಸ್ಟರ್ ಅದನ್ನು ನುಡಿಸಿದ್ದಾನೆ. ಕೂತು, ಹಿಡಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಳ್ಳಬೇಕು. ಇನ್ನೊಂದು ತುದಿಯನ್ನು ಒಂದು ಕೈಯಲ್ಲಿ ಹಿಡಿದು ಅಲಗು ಎಸ್ ಅಕ್ಷರದ ಹಾಗೆ ಎರಡು ಕಡೆ ಬಾಗುವಂತೆ ಒತ್ತಬೇಕು. ಹಲ್ಲಿಲ್ಲದ ನುಣುಪು ಅಂಚಿನ ಮೇಲೆ ಪಿಟೀಲಿನ ಕಮಾನು ಎಳೆಯಬೇಕು. ಅಲಗಿನ ಎಲ್ಲ ಕಡೆ ನಾದ ಹುಟ್ಟುವುದಿಲ್ಲ. ಎರಡು ಬಾಗು ಸೇರುವ ನಡುವಿನ ಚಪ್ಪಟೆ ಜಾಗ ಮಾತ್ರ ಮಿಡಿಯುತ್ತದೆ. ಬಾಗು ಹೆಚ್ಚಿಸಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಸ್ವರಕ್ಕೆ ಗುರುತಿಟ್ಟ ಮನೆ ಇಲ್ಲ, ಮೆಟ್ಟಿಲಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಜಾರಿಕೊಂಡೇ ಹೋಗಬೇಕು. ಶೀರ್ಷಿಕೆ ಹಾಡಿನಲ್ಲಿ ಈ ಸದ್ದು ಯಾರೋ ಹೆಂಗಸು ಬೇರೆ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ಗುನುಗಿದ ಹಾಗೆ ಕೇಳುತ್ತದೆ. ಮ್ಯಾಂಗಮ್‌ನ ದನಿಯೂ ಹಾಗೇ ಅಲ್ವಾ, ಸ್ವರದ ಮೇಲೆ ಬಂದು ಇಳಿಯುವುದಿಲ್ಲ, ಅದರ ಕಡೆಗೆ ಎಳೆದುಕೊಂಡು ಹೋಗುತ್ತದೆ. ಗರಗಸ ಮತ್ತು ದನಿ ಈ ಆಲ್ಬಮ್‌ನಲ್ಲಿ ಒಡಹುಟ್ಟಿದವು ಅಂತ ನನಗೆ ಅನ್ನಿಸುತ್ತದೆ.

ಇವಲ್ಲದೆ ಅಕಾರ್ಡಿಯನ್, ಟ್ರೊಂಬೋನ್, ಫ್ಲೂಗೆಲ್‌ಹಾರ್ನ್, ಯೂಫೋನಿಯಂ, ಬ್ಯಾಂಜೊ ಇವೆ. ಲಾರಾ ಕಾರ್ಟರ್ ನುಡಿಸಿದ ಜ್ಯಾನ್ಜಿತೊಫೋನ್ ಇದೆ, ಅದು ಕ್ಯಾಸಿಯೊ ಕಂಪನಿಯ ಊದುವ ಡಿಜಿಟಲ್ ವಾದ್ಯ. ಹೆಸರಿಲ್ಲದ ಹತ್ತನೇ ಟ್ರ್ಯಾಕಿನಲ್ಲಿ ಐರ್ಲೆಂಡಿನ ಇಲಿನ್ ಪೈಪ್ಸ್ ಕೂಡ ಇದೆ.

‘ಓ ಕಮ್ಲಿ’ ಎಂಬ ಎಂಟು ನಿಮಿಷದ ಹಾಡಿನ ಕಥೆ ಬೇರೆಯೇ. ಧ್ವನಿಯ ಮಟ್ಟ ಸರಿಯಿದೆಯಾ ನೋಡಲು ಸ್ವಲ್ಪ ಹಾಡು ಅಂತ ಷ್ನೈಡರ್ ಹೇಳಿದ. ಮ್ಯಾಂಗಮ್ ಶುರುಮಾಡಿದವನು ನಿಲ್ಲಿಸಲೇ ಇಲ್ಲ. ಕೊನೆಯವರೆಗೂ ಒಂದೇ ಉಸಿರಿನಲ್ಲಿ ಹಾಡಿ ಮುಗಿಸಿದ. ಹಾಡು ಮುಗಿಯುತ್ತಿದ್ದ ಹಾಗೆ ಹಿಂದಿನಿಂದ ಒಬ್ಬರು ಬೆರಗಿನಿಂದ ಕೂಗುವುದು ಕೇಳುತ್ತದೆ. ಅದು ಸ್ಪಿಲೇನ್. ಆ ಕೂಗನ್ನು ಅಳಿಸದೆ ಹಾಗೇ ಬಿಟ್ಟಿದ್ದಾರೆ. ಆಲ್ಬಮ್‌ನ ಮೊದಲ ವಿಮರ್ಶೆ ಅದೇ ಅಂತ ನಾನು ಹೇಳುತ್ತೇನೆ. ಅದಕ್ಕಿಂತ ಪ್ರಾಮಾಣಿಕವಾದದ್ದು ಆಮೇಲೂ ಬರಲಿಲ್ಲ.

1998: ಕೇಳಿದವರು ಏನು ಬರೆದರು

ಬಂದ ವಿಮರ್ಶೆಗಳು ಕೆಟ್ಟದಾಗಿರಲಿಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ‘ಯಾರೂ ಗುರುತಿಸದ ಮೇರುಕೃತಿ’ ಎಂಬ ಕಥೆ ಆಮೇಲೆ ಬೆಳೆಯಿತು. ಪಿಚ್‌ಫೋರ್ಕ್‌ನ 8.7 ಒಳ್ಳೆಯ ಅಂಕವೇ. ವಿಲೇಜ್ ವಾಯ್ಸ್ ಪತ್ರಿಕೆ ಪ್ರತಿವರ್ಷ ನೂರಾರು ಅಮೆರಿಕನ್ ವಿಮರ್ಶಕರ ಮತ ಕೂಡಿಸಿ ಪ್ಯಾಜ್ ಅಂಡ್ ಜಾಪ್ ಎಂಬ ಪಟ್ಟಿ ಮಾಡುತ್ತಿತ್ತು. 1998ರ ಪಟ್ಟಿಯಲ್ಲಿ ಈ ಆಲ್ಬಮ್ 15ನೇ ಸ್ಥಾನದಲ್ಲಿತ್ತು. ಮೊದಲ ಸ್ಥಾನ ಲುಸಿಂಡಾ ವಿಲಿಯಮ್ಸ್‌ಗೆ. ಕೆಲವೇ ಸಾವಿರ ಪ್ರತಿ ಒತ್ತಿಸಿದ ಬ್ಯಾಂಡಿಗೆ 15ನೇ ಸ್ಥಾನ ಅಂದರೆ ಸಣ್ಣ ಮಾತಲ್ಲ.

ಆದರೆ ಬಿಸಿ ಇರಲಿಲ್ಲ. ರೋಲಿಂಗ್ ಸ್ಟೋನ್ ಪತ್ರಿಕೆ ಐದಕ್ಕೆ ಮೂರು ನಕ್ಷತ್ರ ಕೊಟ್ಟಿತು. ಜನಪದ ಧಾಟಿಯ ಮೋಡಿಗೆ ಪೂರ್ತಿ ಮರುಳಾಗದವರಿಗೆ ಇದು ರಕ್ತ ಕಮ್ಮಿಯಿರುವ, ಹಗಲುಗನಸಿನ ಸಂಗೀತ ಅನ್ನಿಸುತ್ತದೆ ಎಂಬುದು ಅವರ ತೀರ್ಪಿನ ಸಾರ. ಓದಿದಾಗ ನನಗೆ ಸಿಟ್ಟು ಬರಲಿಲ್ಲ. ಹಗಲುಗನಸು ಎಂಬ ಮಾತು ಸರಿಯೇ ಇದೆ. ಎರಡು ತಲೆಯ ಹುಡುಗ ಗಾಜಿನ ಜಾಡಿಯೊಳಗೆ ತೇಲುತ್ತಾನೆ, ಸತ್ತವರು ಮತ್ತೆ ಹುಟ್ಟುತ್ತಾರೆ, ಪಿಯಾನೊದಲ್ಲಿ ಬೆಂಕಿ ತುಂಬಿದೆ. ಇವನ್ನೆಲ್ಲ ಒಬ್ಬ ಮನುಷ್ಯ ಪೂರ್ತಿ ನಂಬಿಕೊಂಡು, ನರ ಉಬ್ಬಿಸಿ ಹಾಡುತ್ತಾನೆ. ಪ್ರಚಾರದ ಪ್ರತಿ ಕೈಗೆ ಬಂದು, ವಾರದೊಳಗೆ ಬರೆದು ಕೊಡಬೇಕಾದ ವಿಮರ್ಶಕನಿಗೆ ಇದು ಹೇಗೆ ಕೇಳಿಸಬಹುದು? ನನಗೂ ಎರಡನೇ ಟ್ರ್ಯಾಕಿನಲ್ಲೇ ಸಾಕಾಗಿತ್ತು.

ಆ ಎರಡನೇ ಟ್ರ್ಯಾಕಿನ ವಿಷಯ ಹೇಳಲೇಬೇಕು. ಅದು ಏಸುಕ್ರಿಸ್ತನನ್ನು ಪ್ರೀತಿಸುತ್ತೇನೆ ಎಂಬ ಉದ್ದನೆಯ ಕೂಗಿನಿಂದ ಶುರುವಾಗುತ್ತದೆ. ಸ್ವತಂತ್ರ ರಾಕ್ ಕೇಳುವ ಜನ ಆ ಕಾಲದಲ್ಲಿ ಮಾತನ್ನು ಅರ್ಧ ತಮಾಷೆಯಾಗಿ ಆಡುವ ಹಾಡುಗಾರರಿಗೆ ಒಗ್ಗಿದ್ದರು. ಅಂಥವರ ನಡುವೆ ಈತ ಬಂದು ಹೀಗೆ ಕೂಗಿದರೆ ಅವರು ಎತ್ತ ನೋಡಬೇಕು? ಅಣಕವೇ, ಭಕ್ತಿಯೇ? ಗೊಂದಲ ಆಗುತ್ತದೆ ಅಂತ ಮ್ಯಾಂಗಮ್‌ಗೂ ಗೊತ್ತಿತ್ತು. ಆಲ್ಬಮ್ ಜೊತೆಗಿನ ಹಾಳೆಯಲ್ಲಿ ಒಂದು ಮಾತು ಬರೆದ. ಹಾಡಿದ್ದನ್ನು ಮನಸಾರೆ ಹಾಡಿದ್ದೇನೆ, ಆದರೆ ಆಲ್ಬಮ್‌ನ ನಂಬಿಕೆ ಯಾವುದೇ ಒಂದು ಧರ್ಮದ ಮೇಲೆ ನಿಂತಿಲ್ಲ, ಎಲ್ಲ ವಸ್ತುಗಳೊಳಗೂ ಅಳಿಯದ ಒಂದು ಬಿಳಿ ಬೆಳಕು ಇದೆ ಎಂಬುದೇ ನನ್ನ ನಂಬಿಕೆ, ಎಂಬರ್ಥದಲ್ಲಿ. ಹಾಡುಗಾರನೇ ಮುಂದೆ ಬಂದು ‘ನಾನು ಹೇಳಿದ್ದು ನಿಜ’ ಅನ್ನಬೇಕಾಯಿತು. 1998ರಲ್ಲಿ ಮನಸ್ಸು ಬಿಚ್ಚುವುದು ಎಷ್ಟು ಅನುಮಾನಕ್ಕೆ ಎಡೆಮಾಡುತ್ತಿತ್ತು ಅನ್ನುವುದಕ್ಕೆ ಇದೊಂದೇ ಸಾಕು.

ಆ ಹುಡುಗಿಯ ವಿಷಯ

ಮೊದಲ ಆಲ್ಬಮ್ ಮುದ್ರಿಸುವುದಕ್ಕೆ ಸ್ವಲ್ಪ ಮುಂಚೆ ಮ್ಯಾಂಗಮ್ ಆನ್ ಫ್ರಾಂಕ್‌ಳ ದಿನಚರಿ ಓದಿದ. ನಾಜಿಗಳಿಂದ ಅಡಗಿ ಕೂತಿದ್ದ ಯಹೂದಿ ಹುಡುಗಿ, 1945ರ ಆರಂಭದಲ್ಲಿ ಬರ್ಗನ್-ಬೆಲ್ಸನ್ ಸೆರೆಶಿಬಿರದಲ್ಲಿ 15ನೇ ವಯಸ್ಸಿಗೇ ತೀರಿಕೊಂಡವಳು. ಓದಿ ದಿನಗಟ್ಟಲೆ ಅತ್ತೆ ಅಂತ ಆತ ಸಂದರ್ಶನದಲ್ಲಿ ಹೇಳಿದ್ದಾನೆ. ಕಾಲವನ್ನು ಹಿಂದಕ್ಕೆ ತಿರುಗಿಸಿ ಅವಳನ್ನು ಉಳಿಸಬೇಕು ಎಂಬ ಹುಚ್ಚು ಆಸೆ ಆಲ್ಬಮ್‌ನ ಉದ್ದಕ್ಕೂ ಹರಿಯುತ್ತದೆ. ಆದರೆ ಅವಳ ಪೂರ್ತಿ ಹೆಸರು ಎಲ್ಲೂ ಬರುವುದಿಲ್ಲ. ಶೀರ್ಷಿಕೆ ಹಾಡಿನಲ್ಲಿ ‘ಆನಾ’ ಎಂಬ ಹೆಸರು ಒಮ್ಮೆ ಸುಳಿಯುತ್ತದೆ. ‘ಹಾಲೆಂಡ್, 1945’ರಲ್ಲಿ ದೇಶ ಮತ್ತು ವರ್ಷ ಇವೆ. ಜೊತೆಗೆ ಸೋದರಿ ಇದ್ದಾಳೆ.

ಇಲ್ಲಿ ಒಂದು ತಕರಾರು ಇದೆ, ಅದು ಇಂದಿಗೂ ತೀರಿಲ್ಲ. ಕೊಲೆಯಾದ ಒಬ್ಬ ನಿಜವಾದ ಹುಡುಗಿಯನ್ನು ಒಬ್ಬ ಯುವಕ ತನ್ನ ಕನಸಿಗೆ, ತನ್ನ ಪ್ರೇಮಕ್ಕೆ ಬಳಸಿಕೊಳ್ಳಬಹುದೇ? ಅದೂ ದೇಹದ ಆಸೆಯ ಚಿತ್ರಗಳು ಅಕ್ಕಪಕ್ಕದಲ್ಲೇ ಇರುವಾಗ? ಇತಿಹಾಸದ ಲೆಕ್ಕದಲ್ಲೂ ಹಾಡು ಜಾರುತ್ತದೆ. ‘ಓ ಕಮ್ಲಿ’ಯಲ್ಲಿ ಅವಳನ್ನು ತಾಯಿ ಮತ್ತು ಸೋದರಿಯ ಜೊತೆ ಹೂತರು ಎಂಬರ್ಥದ ಸಾಲಿದೆ. ತಾಯಿ ಈಡಿತ್ ತೀರಿಕೊಂಡದ್ದು ಆಶ್ವಿಟ್ಜ್‌ನಲ್ಲಿ, ಮಕ್ಕಳಿಂದ ದೂರ. ಸೋದರಿ ಮಾರ್ಗೊ ಮಾತ್ರ ಜೊತೆಗಿದ್ದಳು.

ಈ ತಕರಾರನ್ನು ನಾನು ಸುಮ್ನೆ ಬದಿಗೆ ಸರಿಸಲಾರೆ. ಕೆಲವು ಸಾಲುಗಳಲ್ಲಿ ನನಗೂ ಮುಜುಗರವಾಗುತ್ತದೆ. ಆದರೆ ಹಾಡುಗಾರ ಅವಳ ನೋವಿನ ಮೇಲೆ ಹಕ್ಕು ಸಾಧಿಸುತ್ತಿದ್ದಾನೆ ಅಂತ ನನಗೆ ಅನ್ನಿಸುವುದಿಲ್ಲ. ಪುಸ್ತಕ ಓದಿ ಎದೆ ಒಡೆದುಕೊಂಡ ಒಬ್ಬ ಮನುಷ್ಯ, ಏನೂ ಮಾಡಲಾಗದೆ ಒದ್ದಾಡುವುದು ಅಲ್ಲಿದೆ. ಆ ಒದ್ದಾಟ ಚಂದವಾಗಿ ತೊಳೆದು ಇಟ್ಟದ್ದಲ್ಲ. 1998ರ ಹೆಚ್ಚಿನ ಓದುಗರಿಗೆ ಈ ಎಳೆ ಅಷ್ಟಾಗಿ ಕಾಣಲಿಲ್ಲ. ಆಮೇಲೆ ಎಲ್ಲರಿಗೂ ಅದೊಂದೇ ಕಾಣತೊಡಗಿತು, ಇಡೀ ಆಲ್ಬಮ್ ಅವಳ ಕಥೆಯೇ ಅಂತ ಬರೆದವರೂ ಇದ್ದಾರೆ. ಅದು ಅತಿಯಾಯಿತು. ಮೊದಲ ಹಾಡು ಒಡೆದ ಮನೆಯೊಂದರ ಮಕ್ಕಳ ಬಗ್ಗೆ. ‘ದಿ ಫೂಲ್’ ಸ್ಪಿಲೇನ್ ಕಟ್ಟಿದ, ಮಾತೇ ಇಲ್ಲದ ಮೆರವಣಿಗೆಯ ಧಾಟಿ. ಎಲ್ಲವನ್ನೂ ಒಂದೇ ಬೀಗದ ಕೈಯಿಂದ ತೆರೆಯಲು ಹೋದರೆ ಬಾಗಿಲು ಮುರಿಯುತ್ತದೆ.

ಮೌನದ ವರ್ಷಗಳು

1998ರ ಪ್ರವಾಸ ಮುಗಿಯಿತು. ಆಮೇಲೆ ಬ್ಯಾಂಡ್ ಏನನ್ನೂ ಮಾಡಲಿಲ್ಲ. ಬೇರ್ಪಟ್ಟೆವು ಎಂಬ ಪ್ರಕಟಣೆ ಇಲ್ಲ, ವಿದಾಯದ ಕಾರ್ಯಕ್ರಮ ಇಲ್ಲ. ಮ್ಯಾಂಗಮ್ ಸುಮ್ಮನಾದ. ಹಾಡುತ್ತಾ ಹೋದರೆ ಈ ನೋವಿನಿಂದ ಪಾರಾಗಬಹುದು ಅಂದುಕೊಂಡಿದ್ದೆ, ಆಗುವುದಿಲ್ಲ ಅಂತ ತಿಳಿಯಿತು ಎಂಬರ್ಥದ ಮಾತನ್ನು 2002ರ ಒಂದು ಸಂದರ್ಶನದಲ್ಲಿ ಹೇಳಿದ. ನಡುವೆ ಬಲ್ಗೇರಿಯಾದ ಕೊಪ್ರಿವ್ಶ್ಟಿಟ್ಸಾ ಊರಿನ ಜನಪದ ಉತ್ಸವಕ್ಕೆ ಹೋಗಿ ಅಲ್ಲಿನ ಹಾಡು, ವಾದ್ಯ, ಜನರ ಸದ್ದು ಎಲ್ಲ ಮುದ್ರಿಸಿಕೊಂಡು ಬಂದ. ಅದು 2001ರಲ್ಲಿ ಹೊರಬಂತು. ಅದರಲ್ಲಿ ಆತನ ದನಿ ಕೇಳಬಹುದು ಅಂತ ಆಸೆಪಟ್ಟವರಿಗೆ ಅದು ಸಿಗಲಿಲ್ಲ.

ಈ ಮೌನವೇ ಆಲ್ಬಮ್‌ನ ಅದೃಷ್ಟ ಬದಲಿಸಿತು ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಮೂರನೇ ಆಲ್ಬಮ್ ಬಂದಿದ್ದರೆ ಎರಡನೆಯದು ಸಾಲಿನಲ್ಲಿ ಒಂದಾಗಿರುತ್ತಿತ್ತು. ಬರಲಿಲ್ಲ, ಹಾಗಾಗಿ ಇದೇ ಕೊನೆಯ ಮಾತಾಯಿತು. ಹಾಡುಗಾರ ಸಿಗದಿದ್ದಾಗ ಕೇಳುಗರು ಹಾಡಿನೊಳಗೇ ಅವನನ್ನು ಹುಡುಕುತ್ತಾರೆ. 2008ರಲ್ಲಿ ಸ್ಲೇಟ್ ಪತ್ರಿಕೆ ಆತನನ್ನು ಕಾದಂಬರಿಕಾರ ಸ್ಯಾಲಿಂಜರ್‌ಗೆ ಹೋಲಿಸಿತು, ಬರೆದು ಹೆಸರು ಮಾಡಿ ಆಮೇಲೆ ಜನರಿಂದ ಮರೆಯಾದ ಆ ಲೇಖಕನಿಗೆ.

ಆದರೆ ಮೌನ ಮಾತ್ರ ಸಾಲದು. ಆ ವರ್ಷಗಳಲ್ಲಿ ಸುಮ್ಮನಾದ ಬ್ಯಾಂಡುಗಳು ಎಷ್ಟೋ ಇವೆ, ಯಾರು ಹುಡುಕಿಕೊಂಡು ಹೋದರು? ಇಲ್ಲಿ ಇನ್ನೂ ಎರಡು ಕೆಲಸ ನಡೆಯಿತು. ಒಂದು, ಅಂತರ್ಜಾಲದಲ್ಲಿ ಹಾಡಿನ ಕಡತಗಳು ಕೈಯಿಂದ ಕೈಗೆ ಹರಿಯತೊಡಗಿದವು. ಈ ಆಲ್ಬಮ್ ಕೈಗೆ ಬರುತ್ತಿದ್ದದ್ದು ಗೆಳೆಯರಿಂದ, ‘ಒಬ್ಬನೇ ಇದ್ದಾಗ ಕೇಳು’ ಎಂಬ ಮಾತಿನ ಜೊತೆ. ವಾರದ ಗಡುವು ಇರುವ ವಿಮರ್ಶಕ ಕೇಳುವ ರೀತಿಗೂ ಹೀಗೆ ಕೇಳುವ ರೀತಿಗೂ ಅಜಗಜಾಂತರ. ಇನ್ನೊಂದು, ಇದರ ದಾರಿಯಲ್ಲಿ ನಡೆದವರು ಬಂದರು. ಕೆನಡಾದ ಆರ್ಕೇಡ್ ಫೈರ್ 2004ರಲ್ಲಿ ಮರ್ಜ್‌ನಿಂದಲೇ ಮೊದಲ ಆಲ್ಬಮ್ ತಂದಿತು. ಮರ್ಜ್ ತಮ್ಮನ್ನು ಸೆಳೆಯಲು ನ್ಯೂಟ್ರಲ್ ಮಿಲ್ಕ್ ಹೋಟೆಲ್ ಕೂಡ ಒಂದು ಕಾರಣ ಅಂತ ಅವರ ಹಾಡುಗಾರ ವಿನ್ ಬಟ್ಲರ್ ಹೇಳಿದ್ದಾನೆ. ಗುಂಪಾಗಿ ಕೂಗುವುದು, ತುತ್ತೂರಿ, ಅಕಾರ್ಡಿಯನ್, ನಾಚಿಕೆಯಿಲ್ಲದ ಭಾವ ಇವೆಲ್ಲ ಆಗ ಹೊಸ ಅಲೆಯ ಗುರುತಾದವು. ಕಿವಿ ಒಗ್ಗಿತು. ಒಗ್ಗಿದ ಕಿವಿಯಿಂದ ಹಿಂದಿರುಗಿ ಕೇಳಿದಾಗ 1998ರ ಕರ್ಕಶ ಈಗ ಊರಿನ ಭಾಷೆಯೇ ಆಗಿತ್ತು.

ಪಟ್ಟಿಗಳಲ್ಲಿ ಈ ಬದಲಾವಣೆಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬಹುದು. ಪಿಚ್‌ಫೋರ್ಕ್ 1999ರಲ್ಲಿ ತೊಂಬತ್ತರ ದಶಕದ ಉತ್ತಮ ಆಲ್ಬಮ್‌ಗಳ ಪಟ್ಟಿ ಮಾಡಿದಾಗ ಇದು 85ನೇ ಸ್ಥಾನದಲ್ಲಿತ್ತು. 2003ರಲ್ಲಿ ಅದೇ ಪಟ್ಟಿಯನ್ನು ಹೊಸದಾಗಿ ಮಾಡಿದರು, 4ನೇ ಸ್ಥಾನಕ್ಕೆ ಏರಿತು. ದಶಕ ಅದೇ, ಎದುರಾಳಿಗಳೂ ಅವರೇ. ಮ್ಯಾಗ್ನೆಟ್ ಪತ್ರಿಕೆ 1993ರಿಂದ 2003ರವರೆಗಿನ ಆಲ್ಬಮ್‌ಗಳಲ್ಲಿ ಇದೇ ಮೊದಲನೆಯದು ಅಂದಿತು. 2005ರಲ್ಲಿ ಬ್ರಿಟನ್ನಿನ ಡೊಮಿನೊ ಕಂಪನಿಯ ಮರುಬಿಡುಗಡೆ, ಮಾರ್ಕ್ ರಿಚರ್ಡ್‌ಸನ್ ಬರೆದ 10 ಅಂಕದ ವಿಮರ್ಶೆ. ಅದೇ ವರ್ಷ ಕಿಮ್ ಕೂಪರ್ ಈ ಆಲ್ಬಮ್ ಮೇಲೆ ಒಂದು ಪುಟ್ಟ ಪುಸ್ತಕವನ್ನೇ ತಂದರು. 2008ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಎಲ್‌ಪಿಗಳಲ್ಲಿ ಇದು ಆರನೆಯದು, 10,000ಕ್ಕೂ ಜಾಸ್ತಿ ಪ್ರತಿ. ಹತ್ತು ವರ್ಷ ಹಳೆಯ ಆಲ್ಬಮ್, ಮೊದಲು ಒತ್ತಿಸಿದ್ದು 1,600 ಎಂಬುದನ್ನು ನೆನಪಿಡಿ. ಮೂರು ನಕ್ಷತ್ರ ಕೊಟ್ಟಿದ್ದ ರೋಲಿಂಗ್ ಸ್ಟೋನ್ ಕೂಡ 2020ರಲ್ಲಿ ಸಾರ್ವಕಾಲಿಕ 500 ಆಲ್ಬಮ್‌ಗಳ ಪಟ್ಟಿಯಲ್ಲಿ ಇದಕ್ಕೆ 376ನೇ ಸ್ಥಾನ ಕೊಟ್ಟಿತು.

ಹತ್ತಕ್ಕೆ ಹತ್ತು ಅಂದಮೇಲೆ

ಪೂರ್ತಿ ಅಂಕ ಬಂದರೆ ಎಲ್ಲ ಸುಖಾಂತ್ಯ ಅಂದುಕೊಳ್ಳುತ್ತೇವೆ. ಇಲ್ಲಿ ಹಾಗಾಗಲಿಲ್ಲ. ಆ ಅಂಕ ಕೇಳುಗರ ಕಿವಿಗೂ ಹಾಡಿಗೂ ನಡುವೆ ಬಂದು ನಿಂತಿತು. ಹಳೆಯ ಯುರೋಪಿಯನ್ ಪೋಸ್ಟ್‌ಕಾರ್ಡಿನಿಂದ ಕ್ರಿಸ್ ಬಿಲ್‌ಹೈಮರ್ ಮಾಡಿದ ಮುಖಪುಟ, ತಲೆಯ ಜಾಗದಲ್ಲಿ ಡ್ರಮ್ಮಿನ ಚರ್ಮದಂಥ ಗುಂಡು ಇರುವ ಹೆಂಗಸು, ಮೀಮ್ ಆಗಿ ಹರಿದಾಡಿತು. ಈ ಆಲ್ಬಮ್ ಇಷ್ಟ ಅನ್ನುವವರು ಒಂದು ಬಗೆಯ ಜನ ಎಂಬ ಗೇಲಿ ಹುಟ್ಟಿತು. ಹೊಸಬರು ಈಗ ‘ಇದಕ್ಕೆ ಹತ್ತು ಯಾಕೆ’ ಎಂಬ ಪ್ರಶ್ನೆ ಹಿಡಿದುಕೊಂಡೇ ಕೇಳಲು ಕೂರುತ್ತಾರೆ. ಹಾಗೆ ಕೂತರೆ ಯಾವ ಹಾಡು ತಾನೇ ತೆರೆದುಕೊಳ್ಳುತ್ತದೆ?

ನನ್ನನ್ನು ಕೇಳಿದರೆ ಎರಡು ಅಂಕಗಳೂ ನಿಜವೇ, ಬೇರೆ ಬೇರೆ ವಿಷಯಕ್ಕೆ. ಕುಸುರಿ ಕೆಲಸ ನೋಡಿ ಅಂಕ ಹಾಕುವುದಾದರೆ 8.7 ಸರಿ. ‘ಕಮ್ಯುನಿಸ್ಟ್ ಡಾಟರ್’ ಎರಡೇ ನಿಮಿಷ ಇದ್ದೂ ನನಗೆ ಪೂರ್ತಿ ಕೂಡಿಬಂದಿದೆ ಅನ್ನಿಸುವುದಿಲ್ಲ. ‘ಓ ಕಮ್ಲಿ’ಯ ನಡುಭಾಗ ಎಳೆಯುತ್ತದೆ. ಆದರೆ ‘ಟೂ-ಹೆಡೆಡ್ ಬಾಯ್’ ಮೊದಲ ಭಾಗ ಮುಗಿಯುತ್ತಿದ್ದ ಹಾಗೆ ‘ದಿ ಫೂಲ್’ನ ತುತ್ತೂರಿಗಳು ಶವಯಾತ್ರೆಯ ಹಾಗೆ ಬಂದು, ಅವುಗಳ ಕೊನೆಯ ಉಸಿರಿನ ಮೇಲೇ ‘ಹಾಲೆಂಡ್, 1945’ ಸಿಡಿಯುತ್ತದಲ್ಲ, ಆ ಜಾಗಕ್ಕೆ ಅಂಕ ಹಾಕುವವನ ಕೈ ನಡುಗಬೇಕು. ಒಬ್ಬನೇ ಮನುಷ್ಯ ಒಂದು ಗಿಟಾರ್, ಆಮೇಲೆ ಹತ್ತಾರು ಜನರ ಶೋಕ, ಆಮೇಲೆ ಬೆಂಕಿ. ಕೆಲವೇ ನಿಮಿಷಗಳಲ್ಲಿ. ರಿಚರ್ಡ್‌ಸನ್ ಬರೆಯುವ ಹೊತ್ತಿಗೆ ಜನ ಏಳು ವರ್ಷ ಈ ಜಾಗದ ಜೊತೆ ಬದುಕಿದ್ದರು. 1998ರಲ್ಲಿ ಯಾರಿಗೂ ಆ ಏಳು ವರ್ಷ ಸಿಕ್ಕಿರಲಿಲ್ಲ. ಅವರನ್ನು ದೂರುವುದು ಹೇಗೆ?

2011ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಜುಕಾಟಿ ಪಾರ್ಕಿನಲ್ಲಿ ಆರ್ಥಿಕ ಅಸಮಾನತೆಯ ವಿರುದ್ಧದ ಆಕ್ಯುಪೈ ವಾಲ್ ಸ್ಟ್ರೀಟ್ ಚಳವಳಿಯವರು ಬೀಡುಬಿಟ್ಟಿದ್ದಾಗ ಮ್ಯಾಂಗಮ್ ಅಲ್ಲಿಗೆ ಹೋಗಿ ಗಿಟಾರ್ ಹಿಡಿದು ಹಾಡಿದ. 2013ರಲ್ಲಿ ಅದೇ ನಾಲ್ವರು ಮತ್ತೆ ಕೂಡಿದರು, 2015ರವರೆಗೆ ಊರೂರು ತಿರುಗಿದರು. ಆ ಕಾರ್ಯಕ್ರಮಗಳಲ್ಲಿ ಫೋಟೊ, ವೀಡಿಯೊ ಬೇಡ ಅಂತ ಕೇಳಿಕೊಳ್ಳುತ್ತಿದ್ದರು. ಹೊಸ ಆಲ್ಬಮ್ ಬರಲಿಲ್ಲ. ಅಮೆರಿಕದ ಹಾಸ್ಯಗಾರ ಸ್ಟೀಫನ್ ಕೋಲ್ಬೇರ್ ತನ್ನ ಹಾಸ್ಯ ಸುದ್ದಿ ಕಾರ್ಯಕ್ರಮದ ಕೊನೆಯ ಸಂಚಿಕೆಯನ್ನು 2014ರ ಡಿಸೆಂಬರಿನಲ್ಲಿ ಮುಗಿಸಿದ್ದು ‘ಹಾಲೆಂಡ್, 1945’ ಹಾಡಿನಿಂದ. 5,500 ಸಿಡಿ ಸಾಕು ಅಂದುಕೊಂಡಿದ್ದ ಹಾಡು ದೇಶದ ಟಿವಿಯಲ್ಲಿ ವಿದಾಯದ ಹಾಡಾಯಿತು.

ನನಗೆ ಈ ಆಲ್ಬಮ್ ತೆರೆದುಕೊಂಡದ್ದು ಕೊನೆಯಿಂದ. ಎರಡನೇ ಟ್ರ್ಯಾಕಿಗೆ ನಿಲ್ಲಿಸಿದ್ದೆ ಅಂದೆನಲ್ಲ, ತಿಂಗಳುಗಳ ಮೇಲೆ ಒಂದು ರಾತ್ರಿ ಹೆಡ್‌ಫೋನ್ ಹಾಕಿ ಕೊನೆಯ ಹಾಡಿನಿಂದ ಶುರುಮಾಡಿದೆ. ಹಾಡು ಮುಗಿದ ಮೇಲೆ ಗಿಟಾರನ್ನು ಕೆಳಗಿಡುವ ಸದ್ದು, ಆತ ಎದ್ದು ಹೋಗುವ ಸದ್ದು ಕೇಳಿತು. ಅಷ್ಟು ಹೊತ್ತು ಒಬ್ಬ ಮನುಷ್ಯ ನನ್ನ ಎದುರೇ ಕೂತಿದ್ದ ಅಂತ ಆಗ ತಿಳಿಯಿತು. ಮತ್ತೆ ಮೊದಲಿಂದ ಹಾಕಿದೆ, ಎರಡನೇ ಟ್ರ್ಯಾಕಿನ ಆ ಕೂಗಿಗೆ ಈ ಸಲ ನಿಲ್ಲಿಸಲಿಲ್ಲ.

ಈಗ ಯಾರಿಗಾದರೂ ಇದನ್ನು ಕೇಳಿಸುವಾಗ ಅಂಕ, ಪಟ್ಟಿ, ಹುಡುಗಿಯ ಕಥೆ ಯಾವುದನ್ನೂ ಮೊದಲು ಹೇಳುವುದಿಲ್ಲ. ಮೊನ್ನೆ ಗೆಳತಿಯೊಬ್ಬಳಿಗೆ ಹಾಗೇ ಕೊಟ್ಟೆ. ವಾರ ಬಿಟ್ಟು ಕೇಳಿದೆ. ದನಿ ನನಗೆ ಹಿಡಿಸಲಿಲ್ಲ ಅಂದಳು. ಮೂರನೇ ಹಾಡಿನಲ್ಲಿ ಅಳುವ ಹಾಗೆ ಕೇಳುತ್ತದಲ್ಲ, ಅದು ಯಾರು ಅಂತ ಕೇಳಿದಳು. ಗರಗಸ ಅಂದೆ. ನಂಬಲಿಲ್ಲ. ಆ ಹಾಡು ಇನ್ನೊಂದು ಸಲ ಹಾಕು ಅಂದಳು.